ಅಮ್ಮನ ಮೊದಲ ಬರ್ತ್

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನೋ ಗಾದೆ ನಮ್ಮ ಮನೆಯಲ್ಲಿ ದಿನಕ್ಕೊಂದು ಸಲವಾದರೂ ಕೇಳಿಬರುತ್ತಿತ್ತು. ಹೊಸ ಸ್ಕೂಲ್ ಬ್ಯಾಗ್ ಕೇಳಿದರೆ ಅದೇ ಗಾದೆ, ಹಬ್ಬಕ್ಕೆ ಎರಡನೇ ಲಂಗ ಕೇಳಿದರೆ ಅದೇ ಗಾದೆ. ಹೇಳುತ್ತಿದ್ದವರು ಅಪ್ಪ. ತಲೆಯಾಡಿಸುತ್ತಿದ್ದವಳು ಅಮ್ಮ. ಈಗ ಯೋಚಿಸಿದರೆ ಆ ಗಾದೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ ಅನ್ನಿಸುತ್ತದೆ. ಹಾಸಿಗೆ ಅನ್ನೋದೊಂದು ಎಲ್ಲರಿಗೂ ಇದ್ದೇ ಇದೆ, ಉದ್ದವೋ ಗಿಡ್ಡವೋ ಅನ್ನೋದಷ್ಟೇ ಪ್ರಶ್ನೆ ಅಂತ ಗಾದೆ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಹಾಸಿಗೆಯೇ ಇಲ್ಲದವರು ಎಲ್ಲಿ ಕಾಲು ಚಾಚಬೇಕು ಅಂತ ಅದರಲ್ಲಿ ಹೇಳಿಲ್ಲ.

ನಾನು ಹೇಳ್ತಿರೋದು ರೈಲಿನ ಹಾಸಿಗೆ ವಿಷಯ. ಬರ್ತ್ ಅಂತೀವಲ್ಲ, ಅದು.

ಈಗೇನು, ಮಕ್ಕಳು ಕೂತಲ್ಲೇ ಮೊಬೈಲ್‌ನಲ್ಲಿ ಟಿಕೆಟ್ ಮಾಡಿಬಿಡುತ್ತಾರೆ. ಸ್ಲೀಪರ್ ಬೇಕಾ, ಥರ್ಡ್ ಎಸಿ ಬೇಕಾ, ಲೋವರ್ರಾ, ಅಪ್ಪರ್ರಾ ಅಂತ ಕೇಳುತ್ತಾರೆ. ಅದರಲ್ಲಿ ಆಟೋ ಅಪ್‌ಗ್ರೇಡ್ ಅಂತ ಒಂದು ಆಯ್ಕೆಯೂ ಇದೆ. ಚಾರ್ಟ್ ಸಿದ್ಧವಾಗುವಾಗ ಮೇಲಿನ ದರ್ಜೆಯಲ್ಲಿ ಜಾಗ ಖಾಲಿ ಉಳಿದಿದ್ದರೆ, ಅದೃಷ್ಟವಿದ್ದರೆ, ಒಂದು ರೂಪಾಯಿ ಹೆಚ್ಚು ಕೊಡದೆ ಸ್ಲೀಪರ್‌ನವರು ಎಸಿಗೆ ಹೋಗಬಹುದು. ಹಾಗೆ ಮೆಸೇಜ್ ಬಂದ ದಿನ ನನ್ನ ಮಗನ ಮುಖ ನೋಡಬೇಕು, ಲಾಟರಿ ಹೊಡೆದವರ ಹಾಗೆ ಇರುತ್ತದೆ.

ನಮ್ಮ ಅಮ್ಮನಿಗೆ ಅಪ್‌ಗ್ರೇಡ್ ಆಗಿದ್ದು 1994ರಲ್ಲಿ, ಸೊಲ್ಲಾಪುರದ ಪ್ಲಾಟ್‌ಫಾರಂ ಮೇಲೆ. ಆಗ ಅವಳಿಗೆ ಐವತ್ತೊಂದು ವರ್ಷ. ಅಲ್ಲಿಯವರೆಗೆ ಅವಳು ರೈಲಿನಲ್ಲಿ ಮಲಗಿಯೇ ಇರಲಿಲ್ಲ.

ನಮ್ಮದು ತಿಪಟೂರು. ದೊಡ್ಡಪ್ಪ ಬೆಳಗಾವಿಯಲ್ಲಿ ಕೆಲಸದಲ್ಲಿದ್ದರು. ಪ್ರತಿ ಬೇಸಿಗೆ ರಜೆಗೆ ನಾವು ಐದು ಜನ, ಅಪ್ಪ, ಅಮ್ಮ, ಅಣ್ಣ, ನಾನು, ತಂಗಿ, ಅವರ ಮನೆಗೆ ಹೋಗುತ್ತಿದ್ದೆವು. ಆಗಿನ್ನೂ ಮೀಟರ್ ಗೇಜ್ ಗಾಡಿ. ರಾತ್ರಿ ಪ್ರಯಾಣ. ರಿಸರ್ವೇಷನ್ ಮಾಡಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಗಾಡಿ ನಿಲ್ಲುವ ಮುಂಚೆಯೇ ಅಪ್ಪ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಆಮೇಲೆ ಅವರು ಮೇಲಿನ ಸಾಮಾನಿನ ಹಲಗೆ ಹತ್ತಿ, ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು. ಅಣ್ಣ ಎದುರು ಹಲಗೆಯ ಮೇಲೆ. ನಾನು, ತಂಗಿ ಎರಡು ಸೀಟಿನ ನಡುವೆ ಕೆಳಗೆ ಜಮಖಾನ ಹಾಸಿಕೊಂಡು. ಅಮ್ಮ ಕಿಟಕಿ ಪಕ್ಕ ಕೂತು, ನಮ್ಮಿಬ್ಬರಲ್ಲಿ ಯಾರಾದರೂ ಒಬ್ಬರ ತಲೆಯನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅರಸೀಕೆರೆ, ಬೀರೂರು, ದಾವಣಗೆರೆ, ಹಾವೇರಿ ಎಲ್ಲ ದಾಟುವಾಗಲೂ ಅವಳು ಎಚ್ಚರವಾಗೇ ಇರುತ್ತಿದ್ದಳು. ಟ್ರಂಕ್ ಕಾಯಬೇಕು, ಮಕ್ಕಳು ಉರುಳದ ಹಾಗೆ ನೋಡಿಕೊಳ್ಳಬೇಕು, ಊರು ಬಂದಾಗ ಎಬ್ಬಿಸಬೇಕು.

ಮನೆಯಲ್ಲಿ ಯಾರಿಗೂ ಇದು ವಿಶೇಷ ಅನ್ನಿಸಿರಲಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ. ‘ನಂಗೆ ಗಾಡೀಲಿ ನಿದ್ದೆ ಬರಲ್ಲ ಕಣ್ರೇ’ ಅನ್ನುತ್ತಿದ್ದಳು. ನಾವು ನಂಬಿದ್ದೆವು. ಅವಳೂ ನಂಬಿದ್ದಳು.

ಆ ಕಾಲದ ರೈಲೆಂದರೆ ಮರದ ಹಲಗೆ. ಮೂರನೇ ದರ್ಜೆಯ ಪಾಡೇನು ಅಂತ ಗಾಂಧೀಜಿ 1917ರಷ್ಟು ಹಿಂದೆಯೇ ಬರೆದಿದ್ದರು. ಮೂರನೇ ದರ್ಜೆ ಅನ್ನೋ ಹೆಸರು ಹೋಗಿದ್ದು 1974ರಲ್ಲಿ. ಹೆಸರು ಹೋದರೂ ಹಲಗೆ ಉಳಿದಿತ್ತು. 1977ರಿಂದ 79ರವರೆಗೆ ಮಧು ದಂಡವತೆ ಅವರು ರೈಲ್ವೆ ಮಂತ್ರಿಯಾಗಿದ್ದರಲ್ಲ, ಆಗ ಅವರು ಎರಡನೇ ದರ್ಜೆಯ ಸ್ಲೀಪರ್ ಬರ್ತ್‌ಗಳಿಗೆ ಎರಡು ಇಂಚಿನ ಫೋಮ್ ಹಾಕಿಸಲು ಶುರು ಮಾಡಿದರು. ಎರಡೇ ಇಂಚು. ಇವತ್ತು ನಮ್ಮ ಸೋಫಾಕ್ಕೆ ಅದಕ್ಕಿಂತ ದಪ್ಪ ಬೇಕು. ಆದರೆ ಬೆಳಗಿನವರೆಗೂ ಹಲಗೆ ಮೇಲೆ ಹೊರಳಾಡಿ ಸೊಂಟ ಹಿಡಿಸಿಕೊಂಡವರನ್ನು ಕೇಳಿ, ಆ ಎರಡು ಇಂಚು ಅಂದರೆ ಏನು ಅಂತ ಅವರು ಹೇಳುತ್ತಾರೆ. ಇಡೀ ದೇಶದ ಸಾಮಾನ್ಯ ಜನಕ್ಕೆ ಒಟ್ಟಿಗೇ ಸಿಕ್ಕ ಅಪ್‌ಗ್ರೇಡ್ ಅದು.

ಆ ಮೆತ್ತೆ ಬಂದ ಮೇಲೂ ಅಮ್ಮನ ಪಾಲಿಗೆ ಬಂದಿದ್ದು ಅದರ ಅಂಚು ಮಾತ್ರ. ಅಣ್ಣನ ಕಾಲೇಜು ಸೇರಿಸುವಾಗ, ತಂಗಿಯ ಮದುವೆ ಮಾತುಕತೆಗೆ ಹೋಗುವಾಗ, ಅಪ್ಪನಿಗೆ ಹುಷಾರಿಲ್ಲದೆ ಬೆಂಗಳೂರಿಗೆ ಓಡಾಡುವಾಗ ಎಲ್ಲ ಮಲಗುವವರು ಬೇರೆ, ಕಾಲ ಬಳಿ ಕೂರುವವಳು ಅವಳು. 1991ರಲ್ಲಿ ಅಪ್ಪ ತೀರಿಕೊಂಡರು. ಆಮೇಲಂತೂ ‘ನಂಗೇನು ಬಿಡು’ ಅನ್ನೋದು ಅವಳ ಬಾಯಲ್ಲಿ ತಾನಾಗೇ ಬರೋ ಮಾತಾಯಿತು.

1994ರಲ್ಲಿ ತಂಗಿ ಡೆಲ್ಲಿಯಲ್ಲಿದ್ದಳು. ಅವಳ ಗಂಡನಿಗೆ ಅಲ್ಲಿ ಕೆಲಸ. ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿಗೆ ಕರೆದುಕೊಂಡು ಬರೋದು ಅಂತಿದ್ದೆವು, ಆದರೆ ಬಿಪಿ ಜಾಸ್ತಿ ಇದೆ, ಅಷ್ಟು ದೂರದ ಪ್ರಯಾಣ ಬೇಡ ಅಂದರು ಡಾಕ್ಟರು. ಸರಿ, ಅಮ್ಮನೇ ಹೋಗಿ ಅಲ್ಲೇ ಬಾಣಂತನ ಮಾಡೋದು ಅಂತಾಯಿತು. ತಿಂಗಳಿಗೆ ಮುಂಚೆ ಹೊರಡೋದಕ್ಕೆ ರಿಸರ್ವೇಷನ್ ಕೂಡ ಆಗಿತ್ತು. ಅಷ್ಟರಲ್ಲಿ ಒಂದು ಸಂಜೆ ಪಕ್ಕದ ಮನೆಗೆ ಫೋನ್ ಬಂತು. ಕಾಲು, ಮುಖ ಎಲ್ಲ ಊದಿಕೊಂಡಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಯಾವಾಗ ಬೇಕಾದರೂ ಹೆರಿಗೆ ಮಾಡಿಸಬೇಕಾಗಬಹುದು, ತಕ್ಷಣ ಹೊರಡಿ.

ಅಮ್ಮ ಅಳಲಿಲ್ಲ. ಟ್ರಂಕ್ ತೆಗೆದಳು. ಅಂಟಿನುಂಡೆಗೆ ಅಂತ ತುರಿದಿಟ್ಟಿದ್ದ ಕೊಬ್ಬರಿ, ಅಂಟು, ಒಣ ಖರ್ಜೂರ, ಒಂದು ಡಬ್ಬಿ ತುಪ್ಪ, ಬಾಣಂತಿ ಖಾರದ ಪುಡಿ, ಮಗುವಿಗೆ ಹಳೇ ಹತ್ತಿ ಸೀರೆಯ ತುಂಡುಗಳು ಎಲ್ಲ ತುಂಬಿದಳು. ಮಾರನೇ ದಿನ ಬೆಳಿಗ್ಗೆ ಬೆಂಗಳೂರಿಗೆ ಬಸ್ಸು. ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೊರಟೆ. ಸಿಟಿ ಸ್ಟೇಷನ್ನಿನ ಕೌಂಟರ್‌ನಲ್ಲಿ ಕೇಳಿದರೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದೂ ಬರ್ತ್ ಇಲ್ಲ. ಎರಡು ಜನರಲ್ ಟಿಕೆಟ್ ತಗೊಂಡು ಹತ್ತಿದೆವು.

ಬೆಂಗಳೂರಿಂದ ಡೆಲ್ಲಿಗೆ ಸುಮಾರು 2,400 ಕಿಲೋಮೀಟರ್. ಎರಡು ರಾತ್ರಿ, ನಡುವೆ ಒಂದು ಪೂರ್ತಿ ಹಗಲು. ಜನರಲ್ ಬೋಗಿ ಹೇಗಿತ್ತು ಅಂತ ಹೇಳೋದು ಬೇಡ, ಹತ್ತಿದವರಿಗೆ ಗೊತ್ತು. ಬಾಗಿಲಿನಿಂದ ಸ್ವಲ್ಪ ಒಳಗೆ ಟ್ರಂಕ್ ಇಟ್ಟು ಅಮ್ಮನನ್ನು ಅದರ ಮೇಲೆ ಕೂರಿಸಿದೆ. ನಾನು ಒಂದು ಪೇಪರ್ ಹಾಸಿ ಅವಳ ಪಕ್ಕ ಕೂತೆ. ಗುಂತಕಲ್ ಹೊತ್ತಿಗೆ ಮಧ್ಯರಾತ್ರಿ. ರಾಯಚೂರು ಬಂದಾಗ ಇನ್ನೂ ಜನ ಹತ್ತಿದರು. ಯಾದಗಿರಿಯಲ್ಲಿ ಒಂದು ಗುಂಪು, ಗಂಡಸರು, ಹೆಂಗಸರು, ಕೂಸುಗಳು, ಪಾತ್ರೆಗಳ ಗಂಟು. ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೊರಟವರು. ಅವರಲ್ಲೊಬ್ಬಳು ಎಳೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತೇ ಇದ್ದಳು. ಅಮ್ಮ ಸರಿದು ಟ್ರಂಕಿನ ಅರ್ಧ ಅವಳಿಗೆ ಕೊಟ್ಟಳು. ಬೆಳಗಿನ ಜಾವ ಕಲಬುರಗಿಯಲ್ಲಿ ಯಾರೋ ಇಳಿದಾಗ ಸೀಟಿನ ತುದಿಯಲ್ಲಿ ಒಂದು ಗೇಣು ಜಾಗ ಅಮ್ಮನಿಗೆ ಸಿಕ್ಕಿತು. ಆ ಹೆಂಗಸು ಬುತ್ತಿ ಬಿಚ್ಚಿ ಒಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿ ಹಾಕಿ ಅಮ್ಮನ ಕೈಗಿಟ್ಟಳು. ‘ತಿನ್ರಿ ಯವ್ವಾ, ರಾತ್ರಿಯಿಂದ ಏನೂ ತಿಂದಿಲ್ಲ ನೀವು’ ಅಂದಳು.

ಬೆಳಕು ಹರಿದಾಗ ನಾನು ಅಮ್ಮನ ಪಾದ ನೋಡಿದೆ. ಹಪ್ಪಳದ ಹಿಟ್ಟಿನ ಉಂಡೆ ಥರ ಊದಿತ್ತು. ಹವಾಯಿ ಚಪ್ಪಲಿ ಒಳಗೆ ಕಾಲು ಹೋಗುತ್ತಿರಲಿಲ್ಲ. ಅಲ್ಲಿ ಆಸ್ಪತ್ರೆಯಲ್ಲಿ ಮಗಳ ಕಾಲು ಊದಿದೆ, ಇಲ್ಲಿ ತಾಯಿಯದು. ಇನ್ನೂ ಒಂದು ಹಗಲು, ಒಂದು ರಾತ್ರಿ ಇದೆ.

ಸೊಲ್ಲಾಪುರದಲ್ಲಿ ಗಾಡಿ ನಿಂತ ಕೂಡಲೇ ಇಳಿದು ಓಡಿದೆ. ಸ್ಲೀಪರ್ ಬೋಗಿಯ ಬಾಗಿಲಲ್ಲಿ ಕಪ್ಪು ಕೋಟಿನ ಟಿಟಿಇ ನಿಂತಿದ್ದರು. ಸುತ್ತ ನನ್ನಂಥವರೇ ಏಳೆಂಟು ಜನ. ನನಗೆ ಗೊತ್ತಿದ್ದ ಶಾಲೆಯ ಹಿಂದಿಯಲ್ಲಿ ತಂಗಿ ವಿಷಯ, ಅಮ್ಮನ ವಿಷಯ ಹೇಳಿದೆ. ಅವರು ಚಾರ್ಟ್ ಮೇಲೆ ಪೆನ್ನು ಓಡಿಸಿದರು. ‘ಏಕ್ ಹೀ ಬರ್ತ್ ಹೈ, ಬೆಹನ್‌ಜಿ.’ ಸೈಡ್ ಲೋವರ್ ಒಂದು, ಬರಬೇಕಾದವರು ಬಂದಿಲ್ಲ. ಇಬ್ಬರೂ ವ್ಯತ್ಯಾಸದ ಹಣ ಕಟ್ಟಿ, ಒಬ್ಬರು ಮಲಗಿ, ಒಬ್ಬರು ಅದರಲ್ಲೇ ಕೂತಿರಿ, ಭುಸಾವಳದಲ್ಲಿ ಇನ್ನೊಂದು ಖಾಲಿಯಾಗುತ್ತದೆ, ಆಗ ಕೊಡುತ್ತೇನೆ ಅಂದರು. ಕಾರ್ಬನ್ ಇಟ್ಟು ರಸೀದಿ ಬರೆಯತೊಡಗಿದರು. ಸುಮಾರು ನನ್ನ ಎರಡು ದಿನದ ಸಂಬಳ.

ಹಣಕ್ಕಿಂತ ಕಷ್ಟವಾಗಿದ್ದು ಅಮ್ಮನನ್ನು ಒಪ್ಪಿಸೋದು.

‘ಯಾಕೆ ಸುಮ್ನೆ ದುಡ್ಡು ದಂಡ? ಕೂತ್ಕೊಂಡು ಹೋದ್ರೂ, ಮಲಕ್ಕೊಂಡು ಹೋದ್ರೂ ಗಾಡಿ ಡೆಲ್ಲಿಗೆ ಅದೇ ಹೊತ್ತಿಗೆ ತಾನೇ ಹೋಗೋದು?’

ಲೆಕ್ಕ ಸರಿಯಾಗಿಯೇ ಇತ್ತು. ನಾನು ‘ಅಮ್ಮ, ನಿನ್ನ ಕಾಲು ನೋಡು’ ಅಂದೆ.

‘ಕಾಲಿಗೇನು, ಇಳಿಯುತ್ತೆ. ಆ ದುಡ್ಡಿಗೆ ಅವಳಿಗೆ ಹಣ್ಣೋ ಹಂಪಲೋ ಆಗುತ್ತೆ.’

‘ನಿನಗಲ್ಲ ಅಮ್ಮ ಬರ್ತ್. ಅವಳಿಗೆ. ನಾಳೆ ಇಳಿದ ತಕ್ಷಣ ಆಸ್ಪತ್ರೇಲಿ ನಿಂತ್ಕೋಬೇಕು ನೀನು. ಅಡಿಗೆ ಮಾಡಿ ಹೊರಬೇಕು. ರಾತ್ರಿ ಅವಳ ಪಕ್ಕ ಎದ್ದಿರಬೇಕು. ಹಿಂಗೆ ಕಾಲು ಊದಿಸ್ಕೊಂಡು ಹೋದ್ರೆ ಅಲ್ಲಿ ಯಾರು ಯಾರನ್ನ ನೋಡ್ಕೋತೀರ?’

ಅದಕ್ಕೆ ಅವಳು ಸುಮ್ಮನಾದಳು. ತನಗಾಗಿ ಅಂದಿದ್ದರೆ ಖಂಡಿತ ಏಳುತ್ತಿರಲಿಲ್ಲ. ಮಗಳಿಗಾಗಿ ಅಂದ ಕೂಡಲೇ ಎದ್ದಳು. ಆಗ ನನಗೆ ಮಾತು ಗೆದ್ದ ಸಮಾಧಾನವಿತ್ತು. ಆಮೇಲಾಮೇಲೆ ಅದು ನೆನಪಾದಾಗಲೆಲ್ಲ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ಐವತ್ತೊಂದು ವರ್ಷದ ಹೆಂಗಸಿಗೆ ತನ್ನ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಕೂಡ ಇನ್ನೊಬ್ಬರ ಕಾರಣ ಬೇಕಿತ್ತು.

ಹೊರಡುವ ಮುಂಚೆ ಅಮ್ಮ ಯಾದಗಿರಿಯ ಆ ಹೆಂಗಸನ್ನು ಕರೆದು, ಬೇರೆ ಯಾರೂ ಹಿಡಿಯುವ ಮುಂಚೆ ತನ್ನ ಸೀಟಿನ ತುದಿಯಲ್ಲಿ ಕೂರಿಸಿದಳು. ಹಮಾಲಿ ಟ್ರಂಕ್ ಹೊತ್ತ. ಅಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಪ್ಲಾಟ್‌ಫಾರಂ ಉದ್ದಕ್ಕೂ ನಡೆದಳು. ಸ್ಲೀಪರ್ ಹತ್ತಿದ ಮೇಲೂ ‘ಪಾಪ, ಆ ಕೂಸು’ ಅಂತ ಎರಡು ಸಲ ಅಂದಳು.

ಸೈಡ್ ಲೋವರ್ ಅಂದರೆ ಗೊತ್ತಲ್ಲ. ಒಂದು ಸ್ಲೀಪರ್ ಬೋಗಿಯನ್ನು ಎಂಟೆಂಟು ಬರ್ತ್‌ಗಳ ಕೂಟಗಳಾಗಿ ಮಾಡಿರುತ್ತಾರೆ. ಈ ಕಡೆ ಎದುರು ಬದುರಾಗಿ ಆರು, ಓಡಾಡುವ ದಾರಿಯ ಆ ಕಡೆ ಕಿಟಕಿ ಉದ್ದಕ್ಕೆ ಎರಡು. ಅಂಥ ಒಂಬತ್ತು ಕೂಟ, ಒಟ್ಟು 72 ಬರ್ತ್. ಈಗಿನ ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ 80. ಸೈಡ್ ಲೋವರ್‌ನಲ್ಲಿ ಹಗಲು ಎರಡು ಕುರ್ಚಿಗಳ ಹಾಗೆ ಇಬ್ಬರು ಕೂರಬಹುದು. ಅವುಗಳ ಬೆನ್ನನ್ನು ಮಡಚಿ ಬೀಳಿಸಿದರೆ ಮಂಚ. ಮೇಲಿನ ಬರ್ತಿನ ಹುಡುಗ, ಯಾವುದೋ ಪರೀಕ್ಷೆ ಬರೆಯಲು ಭೋಪಾಲಿಗೆ ಹೋಗುತ್ತಿದ್ದವನು, ಹಗಲು ಕೆಳಗೆ ಕೂರುವ ಹಕ್ಕು ಅವನಿಗಿತ್ತು. ಅಮ್ಮನ ಪಾದ ನೋಡಿ ಏನೂ ಕೇಳದೆ ಪುಸ್ತಕ ತಗೊಂಡು ಮೇಲೆ ಹತ್ತಿಬಿಟ್ಟ.

ನಾನು ಸೀಟು ಮಡಚಿ ಜಮಖಾನ ಹಾಸಿದೆ. ಅಮ್ಮ ಮಲಗಲಿಲ್ಲ, ನಿಂತೇ ಇದ್ದಳು.

‘ತಲೆ ಯಾವ ಕಡೆ ಹಾಕೋದು?’

ಮಂಚ ರೈಲಿನ ಉದ್ದಕ್ಕೇ ಇದೆ. ರೈಲು ಹೋಗುತ್ತಿರುವುದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗುವ ಹಾಗಿಲ್ಲವಲ್ಲ! ಎಂಜಿನ್ ಕಡೆ ಕಾಲು, ಬೆಂಗಳೂರು ಕಡೆ ತಲೆ ಅಂತ ತೀರ್ಮಾನವಾಯಿತು. ಸೆರಗನ್ನು ಸರಿಮಾಡಿಕೊಂಡು, ಟ್ರಂಕ್ ಕಾಣುವ ಹಾಗೆ ಮಗ್ಗುಲಾಗಿ, ಮೊಣಕಾಲು ಮಡಚಿಕೊಂಡು ಮುದುಡಿ ಮಲಗಿದಳು. ‘ಕಾಲು ಚಾಚು ಅಮ್ಮ, ಪೂರ್ತಿ ನಿಂದೇ’ ಅಂದೆ. ‘ನೀನೆಲ್ಲಿ ಕೂತ್ಕೋತೀಯ?’ ಅಂದಳು. ಅವಳ ಕಾಲನ್ನು ನಾನೇ ನಿಧಾನವಾಗಿ ಎಳೆದು ನೆಟ್ಟಗೆ ಮಾಡಿ, ಪಾದ ಎರಡನ್ನೂ ನನ್ನ ತೊಡೆ ಮೇಲೆ ಇಟ್ಟುಕೊಂಡೆ. ‘ಥೂ, ಮಗಳ ತೊಡೆ ಮೇಲೆ ಕಾಲು ಇಡ್ತಾರೇನೇ’ ಅಂತ ಎಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಮಾತಾಡುತ್ತಾ ಇದ್ದವಳು ನಡುವೆ ನಿಲ್ಲಿಸಿದಳು. ನೋಡಿದರೆ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು.

ಗಾಡಿಯಲ್ಲಿ ನಿದ್ದೆ ಬರಲ್ಲ ಅನ್ನುತ್ತಿದ್ದ ಅಮ್ಮ!

ದೌಂಡ್ ಬಂತು. ಆಗ ಸೊಲ್ಲಾಪುರ ಕಡೆಯಿಂದ ಬಂದು ಮನ್ಮಾಡ್ ಕಡೆ ಹೋಗುವ ಗಾಡಿಗಳಿಗೆ ಅಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುತ್ತಿದ್ದರು. ಬಂದ ದಿಕ್ಕಿಗೇ ಬೆನ್ನು ಹಾಕಿ ಗಾಡಿ ಹೊರಡುತ್ತಿತ್ತು. ಅಂದರೆ ಹಿಂದೆ ಇದ್ದದ್ದು ಮುಂದಾಯಿತು. ಅಮ್ಮ ಎಷ್ಟು ಎಚ್ಚರಿಕೆಯಿಂದ ಬೆಂಗಳೂರು ಕಡೆ ಹಾಕಿದ್ದ ತಲೆ ಈಗ ಸರಿಯಾಗಿ ಎಂಜಿನ್ ಕಡೆಗೆ, ಡೆಲ್ಲಿ ಕಡೆಗೆ, ಉತ್ತರಕ್ಕೆ! ನಗು ತಡೆದುಕೊಂಡು ಕೂತೆ. ಎಬ್ಬಿಸಲಿಲ್ಲ. ಹುಟ್ಟಿದಾಗಿನಿಂದ ಶಾಸ್ತ್ರ ಪಾಲಿಸಿದವಳು, ಒಂದು ಮಧ್ಯಾಹ್ನ ಉತ್ತರಕ್ಕೆ ತಲೆ ಹಾಕಿದರೆ ಯಮನೂ ಕ್ಷಮಿಸುತ್ತಾನೆ ಅಂದುಕೊಂಡೆ. ಅಹಮದ್‌ನಗರ ಕಳೆಯಿತು. ಚಾಯ್‌ನವರು, ವಡಾಪಾವ್‌ನವರು ಕೂಗಿಕೊಂಡು ಓಡಾಡಿದರು. ಅವಳಿಗೆ ಎಚ್ಚರವೇ ಆಗಲಿಲ್ಲ. ಮನ್ಮಾಡ್ ಹತ್ತಿರ ಕಣ್ಣು ಬಿಟ್ಟವಳು ಗಾಬರಿಯಾಗಿ ಎದ್ದು ಕೂತು, ಮೊದಲು ಟ್ರಂಕ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

‘ಎಷ್ಟ್ ಹೊತ್ತಾಯ್ತೇ?’

ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಿಟಕಿ ಕಡೆ ತಿರುಗಿ ಹೇಳಿದಳು, ‘ನಿಮ್ಮಪ್ಪ ಮೇಲೆ ಹತ್ತಿ ಮಲಗಿದ ಐದು ನಿಮಿಷಕ್ಕೆ ಗೊರಕೆ ಹೊಡೀತಿದ್ರು. ಇವರಿಗೆ ಹೆಂಗಪ್ಪಾ ಇಷ್ಟು ಬೇಗ ನಿದ್ದೆ ಬರುತ್ತೆ ಅಂತಿದ್ದೆ ನಾನು.’ ಆಮೇಲೆ ನಕ್ಕಳು. ‘ಮಲಗಿದ್ರೆ ಬರುತ್ತೆ, ಅಷ್ಟೇ.’

ಅಪ್ಪನ ಮೇಲಿನ ದೂರಲ್ಲ ಅದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷದಿಂದ ಬಿಡಿಸಲಾಗದ ಒಂದು ಒಗಟು ಬಿಟ್ಟಿತು ಅನ್ನೋ ಥರ ಹೇಳಿದಳು.

ಟಿಟಿಇ ಮಾತು ತಪ್ಪಲಿಲ್ಲ. ಭುಸಾವಳದಲ್ಲಿ ಬಾಳೆಹಣ್ಣು ಮಾರುವವರ ಗದ್ದಲದ ನಡುವೆ ಬಂದು, ನನಗೆ ಒಂದು ಅಪ್ಪರ್ ಬರ್ತ್ ತೋರಿಸಿದರು. ರಾತ್ರಿ ಊಟವಾದ ಮೇಲೆ ನಾನು ಹತ್ತುವಾಗ ಅಮ್ಮ ಎಂದಿನಂತೆ ‘ನೀನು ಮಲಕ್ಕೋ, ನಾನು ನೋಡ್ಕೋತೀನಿ’ ಅನ್ನಲಿಲ್ಲ. ಟ್ರಂಕಿನ ಬೀಗಕ್ಕೆ ಸರಪಳಿ ಹಾಕಿ ಬರ್ತಿನ ಕೊಂಡಿಗೆ ಬಿಗಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ನಾನೂ ಮಲಗ್ತೀನಿ ಕಣೇ’ ಅಂದಳು. ಇಟಾರ್ಸಿ, ನರ್ಮದೆ, ಭೋಪಾಲ್ ಎಲ್ಲ ನಿದ್ದೆಯಲ್ಲೇ ದಾಟಿಹೋದವು. ಬೆಳಿಗ್ಗೆ ಗ್ವಾಲಿಯರ್ ಆದ ಮೇಲೆ ಚಂಬಲ್‌ನ ಮಣ್ಣಿನ ಕಂದರಗಳನ್ನು ತೋರಿಸಿದೆ. ಕಾಲಿನ ಊತ ಸಾಕಷ್ಟು ಇಳಿದಿತ್ತು. ನ್ಯೂಡೆಲ್ಲಿಯಲ್ಲಿ ಚಪ್ಪಲಿ ಹಾಕಿಕೊಂಡೇ ಇಳಿದಳು.

ಸ್ಟೇಷನ್ನಿಂದ ನೇರ ಆಸ್ಪತ್ರೆಗೆ ಹೋದೆವು. ಮಾರನೇ ರಾತ್ರಿ ತಂಗಿಗೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು, ತೂಕ ಕಮ್ಮಿ. ಮೊದಲ ಮೂರು ದಿನ ತಂಗಿಯ ಬಿಪಿ ಇಳಿಯಲೇ ಇಲ್ಲ. ಆ ಮೂರು ರಾತ್ರಿ ಅಮ್ಮ ಕಣ್ಣು ಮುಚ್ಚಲಿಲ್ಲ. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ, ಎರಡೂ ವಾರ್ಡಿನ ನಡುವೆ ಓಡಾಡಿದಳು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬೆಳಗು ಮಾಡಿದಳು. ನಾಲ್ಕನೇ ದಿನ ಡಾಕ್ಟರು ಇನ್ನು ಭಯವಿಲ್ಲ ಅಂದ ಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದಳು, ‘ಅವತ್ತು ಗಾಡೀಲಿ ಮಲಗಿದ್ದು ಒಳ್ಳೇದಾಯ್ತು ಕಣೇ. ಇಲ್ದಿದ್ರೆ ಆಗ್ತಿರಲಿಲ್ಲ ನನ್ ಕೈಲಿ.’

ಆ ಮಗುವಿಗೆ ಈಗ ಮೂವತ್ತು ದಾಟಿದೆ.

ಅಮ್ಮ ಆಮೇಲೆ ಎಷ್ಟೋ ಸಲ ಡೆಲ್ಲಿಗೆ ಹೋಗಿ ಬಂದಳು. ಪ್ರತಿ ಸಲ ಬರ್ತ್ ಇದ್ದೇ ಹೋದಳು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಒಂದು ಭಾಗ ಬೇರೆ ಡಬ್ಬಿಗೆ ಹಾಕುತ್ತಿದ್ದಳು, ‘ಇದು ಗಾಡಿ ಮಂಚಕ್ಕೆ’ ಅಂತ. ಬೇರೆ ಯಾವುದರಲ್ಲೂ ಅವಳ ಕೈ ಸಡಿಲವಾಗಲಿಲ್ಲ. ಸೋಪು ತೆಳ್ಳಗಾದರೆ ಹೊಸ ಸೋಪಿಗೆ ಅಂಟಿಸುತ್ತಿದ್ದಳು. ಹಳೇ ಗಾದೆಯನ್ನೂ ಬಿಡಲಿಲ್ಲ. ಆದರೆ ರೈಲಿನ ವಿಷಯ ಬಂದರೆ ಮಾತ್ರ, ಮನೆಗೆ ಬಂದ ಯಾವ ಹೆಂಗಸನ್ನೂ, ಅವಳು ಸೊಸೆಯಾಗಿರಲಿ, ನೆರೆಯವಳಾಗಿರಲಿ, ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ‘ಎಲ್ರಿಗೂ ಮಾಡಿಸಿದೀಯ, ಸರಿ. ನಿಂಗೂ ಒಂದು ಬರ್ತ್ ತಗೊಂಡಿದೀಯ ತಾನೇ?’

ಕೇಳಿದವರು ನಗುತ್ತಿದ್ದರು. ಈಗಿನ ಕಾಲದಲ್ಲಿ ಬರ್ತ್ ಇಲ್ಲದೆ ಯಾರು ಹೋಗುತ್ತಾರೆ ಅಂತ. ಅವಳು ಹೋಗಿ ಒಂಬತ್ತು ವರ್ಷವಾಯಿತು. ಆ ಪ್ರಶ್ನೆ ಹಳತಾಗಿದೆ ಅಂತ ನನಗೂ ಅನ್ನಿಸಿತ್ತು, ಹೋದ ತಿಂಗಳವರೆಗೆ.

ಹೋದ ತಿಂಗಳು ಮಗ, ಸೊಸೆ, ಮೊಮ್ಮಗ ಕಾಶಿಗೆ ಹೋಗೋಣ ಅಂತ ಹೊರಟರು. ನನಗೂ ಸೇರಿಸಿ ಮಗ ಟಿಕೆಟ್ ಹುಡುಕುತ್ತಿದ್ದ. ನನಗೆ ಲೋವರ್ ಬರ್ತ್. ವಯಸ್ಸಾದವರಿಗೂ, ನಲವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್‌ಗಳಲ್ಲಿ ಪ್ರತ್ಯೇಕ ಪಾಲು ಇದೆ, ಬುಕ್ ಮಾಡುವಾಗಲೇ ಅದನ್ನು ಆರಿಸಬೇಕು. ಅವನಿಗೊಂದು, ಸೊಸೆಗೊಂದು. ಮೊಮ್ಮಗನಿಗೆ ನಾಲ್ಕು ವರ್ಷ. ಐದು ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಬರ್ತೂ ಇಲ್ಲ. ಬೇಕೆಂದರೆ ಪೂರ್ತಿ ದರ ಕೊಡಬೇಕು. ‘ಅವನು ಅವಳ ಜೊತೆ ಮಲಗ್ತಾನೆ ಬಿಡಮ್ಮ, ಪುಟ್ಟ ಮಗು’ ಅಂದ ಮಗ. ಸೊಸೆಯೂ ‘ಹೌದತ್ತೆ, ಅಡ್ಜಸ್ಟ್ ಮಾಡ್ಕೋತೀನಿ, ನಂಗೇನು ಬಿಡಿ’ ಅಂದಳು.

ನಂಗೇನು ಬಿಡಿ. ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು.

ನಮ್ಮ ಮೊಮ್ಮಗನ ಜೊತೆ ಒಂದು ರಾತ್ರಿ ಮಲಗಿದವರಿಗೆ ಗೊತ್ತು. ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾನೆ. ಇಬ್ಬರು ಸರಿಯಾಗಿ ಕೂರಲೂ ಕಷ್ಟವಾದ ಆ ಅಗಲದಲ್ಲಿ ಅವನು ಮಲಗುತ್ತಾನೆ, ಅವಳು ಅಂಚಿನಲ್ಲಿ ಒರಗಿ ಎಚ್ಚರವಾಗಿರುತ್ತಾಳೆ. ಹೆಸರಿಗೆ ಅವಳದೊಂದು ಬರ್ತ್, ಟಿಕೆಟ್‌ನಲ್ಲಿ ನಂಬರೂ ಇದೆ. ಈ ಕಷ್ಟ ರೈಲ್ವೆಯವರಿಗೂ ತಿಳಿಯದ್ದೇನಲ್ಲ. 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಲೋವರ್ ಬರ್ತಿಗೆ ತಾಗಿದಂತೆ, ಮಗು ಬೀಳದ ಹಾಗೆ ತಡೆ ಇರುವ ಒಂದು ಪುಟ್ಟ ಬರ್ತ್ ಜೋಡಿಸಿ ಪ್ರಯೋಗ ಮಾಡಿದ್ದರು. ನಾವು ಹೋಗುವ ಗಾಡಿಯಲ್ಲಿ ಅದಿಲ್ಲ.

ನನ್ನ ಪೆನ್ಷನ್ ದುಡ್ಡಿನಲ್ಲಿ ಮೊಮ್ಮಗನಿಗೂ ಒಂದು ಬರ್ತ್ ಮಾಡಿಸು ಅಂದೆ ಮಗನಿಗೆ. ‘ಅಮ್ಮ, ಅಷ್ಟು ಚಿಕ್ಕ ಹುಡುಗನಿಗೆ ಫುಲ್ ಟಿಕೆಟ್ಟಾ?’ ಅಂದ. ‘ಅವನಿಗಲ್ಲ, ಅವಳಿಗೆ’ ಅಂದೆ. ಮಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಏನೂ ಮಾತಾಡದೆ ನಾಲ್ಕನೇ ಹೆಸರು ಸೇರಿಸಿದ. ಸೊಸೆ ಅಡಿಗೆಮನೆಯಿಂದಲೇ ‘ಯಾಕತ್ತೆ ಸುಮ್ನೆ ದುಡ್ಡು’ ಅಂತ ಕೂಗಿದಳು. ಆದರೆ ಮಾರನೇ ದಿನ ಬೆಳಿಗ್ಗೆ ಕಾಫಿ ಕೊಡುವಾಗ, ಹೋದ ವರ್ಷ ತವರಿಗೆ ಹೋಗಿ ಬಂದಾಗ ಎರಡು ರಾತ್ರಿಯೂ ತಾನು ಮಲಗಲೇ ಇಲ್ಲ ಅಂತ, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನೋದು ಸರಿ. ಸಾಲ ಮಾಡಿ ವಿಮಾನ ಹತ್ತಿ ಅಂತ ನಾನು ಹೇಳುತ್ತಿಲ್ಲ. ಜನರಲ್ ಬೋಗಿಯಲ್ಲೇ ಹೋಗಬೇಕಾದವರು ಇವತ್ತಿಗೂ ಲಕ್ಷಾಂತರ ಜನ ಇದ್ದಾರೆ, ರೊಟ್ಟಿ ಕೊಟ್ಟ ಆ ತಾಯಿಯ ಹಾಗೆ. ಅವರ ಬಗ್ಗೆ ಯೋಚನೆ ಮಾಡಬೇಕಾದವರು ಬೇರೆ ಇದ್ದಾರೆ, ಅವರು ಮಾಡಲಿ. ಆದರೆ ಕೊಡುವ ಶಕ್ತಿ ಇರುವ ಮನೆಗಳಲ್ಲಿ, ಯಾರು ಮಲಗುತ್ತಾರೆ, ಯಾರು ಕೂರುತ್ತಾರೆ ಅನ್ನೋದನ್ನ ದುಡ್ಡು ತೀರ್ಮಾನಿಸುವುದಿಲ್ಲ, ಅಭ್ಯಾಸ ತೀರ್ಮಾನಿಸುತ್ತದೆ. ಅದಕ್ಕೇ ಮುಂದಿನ ಸಲ ಟಿಕೆಟ್ ಮಾಡಿಸುವಾಗ ತಲೆ ಎಣಿಸಿ, ಬರ್ತ್ ಎಣಿಸಿ, ಆಮೇಲೆ ಇನ್ನೊಂದು ಎಣಿಕೆ ಮಾಡಿ. ನಿಮ್ಮ ಮನೆಯಲ್ಲಿ ‘ನಂಗೆ ಗಾಡೀಲಿ ನಿದ್ದೆ ಬರಲ್ಲ’ ಅನ್ನುವವರು ಯಾರಿದ್ದಾರೆ ಅಂತ ನೋಡಿ. ಅವರಿಗೆ ಒಂದು ಲೋವರ್ ಬರ್ತ್ ಕೊಡಿಸಿ, ಜಮಖಾನ ಹಾಸಿ, ಟ್ರಂಕ್ ನೀವು ನೋಡಿಕೊಳ್ಳಿ. ದೌಂಡ್ ಬರುವಷ್ಟರಲ್ಲಿ ಗೊತ್ತಾಗುತ್ತದೆ.